ಮೂರು ಗಂಟೆಯ ಮಂಜು

೨೦೦೧ನೇ ಇಸವಿ ಜನವರಿ ಹದಿನಾಲ್ಕು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಸಂಕ್ರಾಂತಿಯ ಊಟ ಮುಗಿಸಿ ಮನೆಯವರೆಲ್ಲ ತೋಟದ ನೆರಳಿನಲ್ಲಿ ಅಡ್ಡಾಗಿದ್ದೆವು. ಊರಿಗೆ ಹೊರಟ ದೊಡ್ಡಪ್ಪ ಮಾವಿನ ಗಿಡದ ಕೆಳಗೆ ನಿಲ್ಲಿಸಿದ್ದ ಮೊಪೆಡ್ ಏರಿ ಕೂತರು, ಕೂತವರು ಹಾಗೇ ಎದ್ದರು. ಬಿಳಿ ಧೋತರ ಸೀಟಿಗೆ ಅಂಟಿಕೊಂಡಿತ್ತು.

"ಯಾರಲೇ ಸೀಟಿನ ಮ್ಯಾಲೆ ಬೆಲ್ಲದ ನೀರು ಚೆಲ್ಲಿದವ್ರು?"

ಯಾರೂ ಚೆಲ್ಲಿರಲಿಲ್ಲ. ನಾನು ಹೋಗಿ ಬೆರಳಿನಿಂದ ಮುಟ್ಟಿ ನೋಡಿದೆ. ಜಿಗಟು. ಇರುವೆಗಳು ಆಗಲೇ ಹ್ಯಾಂಡಲಿನ ಮೇಲೆ ಸಾಲು ಹಿಡಿದಿದ್ದವು.

"ಯಾರೂ ಚೆಲ್ಲಿಲ್ಲ ದೊಡ್ಡಪ್ಪ. ಮ್ಯಾಲಿಂದ ಬಿದ್ದೈತಿ."

"ಮ್ಯಾಲಿಂದ ಏನು ಬೀಳ್ತೈತಿ? ಮಂಜು."

"ಮೂರು ಗಂಟಿ ಬಿಸಿಲಾಗ ಎಂಥಾ ಮಂಜು?"

ದೊಡ್ಡಪ್ಪ ಒಮ್ಮೆ ಸೂರ್ಯನನ್ನು ನೋಡಿದರು, ಒಮ್ಮೆ ಕೈಗಡಿಯಾರ ನೋಡಿಕೊಂಡರು. "ಹುಡುಗೀನ ಕಾಲೇಜಿಗೆ ಕಳಿಸಿದ್ದಕ್ಕ ಹಿಂಗಾತು ನೋಡ್ರಿ" ಎಂದು ಟವೆಲಿನಿಂದ ಸೀಟು ಒರೆಸಿ ಹೊರಟುಹೋದರು. ಆದರೆ ಅವ್ವ ಎದ್ದು ಕೂತಿದ್ದಳು. ತಲೆಯ ಮೇಲಿನ ಕೊಂಬೆಯನ್ನೇ ನೋಡುತ್ತಿದ್ದಳು.

ನಮ್ಮ ಕಡೆ, ಕೂಡ್ಲಿಗಿಯಿಂದ ಕೊಟ್ಟೂರಿನವರೆಗೂ, ಮಾವಿನ ಹೂ ಕಪ್ಪಾಗಿ ಉದುರಿದರೆ ಹೇಳುವುದು ಒಂದೇ ಮಾತು: "ಮಂಜಿಗೆ ಹೂ ಸುಟ್ಟವು." ಎಲೆ ಜಿಗಟಾದರೂ ಮಂಜು, ಆ ಜಿಗಟಿನ ಮೇಲೆ ಮಸಿ ಹಿಡಿದರೂ ಮಂಜು, ಗೊಂಚಲಿನ ಮೇಲೆ ಬೂದಿ ಕೂತರೂ ಮಂಜು. ಆ ಶಬ್ದ ಬಂತೆಂದರೆ ಮಾತು ಅಲ್ಲಿಗೇ ಮುಗಿಯಿತು. ಆಕಾಶದಿಂದ ಬಿದ್ದದ್ದಕ್ಕೆ ಯಾರು ಏನು ಮಾಡಿಯಾರು? ನಮ್ಮ ತೋಟದ ಹೂವೂ ಮೂರು ವರ್ಷ ಹಾಗೇ "ಮಂಜಿಗೆ" ಹೋಗಿದ್ದವು. ಅದು ನಾಲ್ಕನೆಯ ವರ್ಷ.

ಆ ಇಪ್ಪತ್ತೆಂಟು ಗಿಡ ಅವ್ವನವು. ಹೊಲ ಒಟ್ಟು ಮನೆಯದು, ಹಿರೀತನ ದೊಡ್ಡಪ್ಪನದು. ಆದರೂ ಗಿಡ ಅವ್ವನವು ಎಂದು ಓಣಿಗೆಲ್ಲ ಗೊತ್ತಿತ್ತು. ನಾನು ಎರಡು ವರ್ಷದವಳಿದ್ದಾಗ ಕಸಿ ಸಸಿ ತರಿಸಿ, ಕಾನಹೊಸಹಳ್ಳಿ ಕಡೆಯ ನಮ್ಮ ಕೆಂಪು ಹೊಲದಲ್ಲಿ ನೆಟ್ಟು, ಎರಡು ಬೇಸಿಗೆ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಉಳಿಸಿದವಳು ಅವಳು. ಅಪ್ಪ ಹಂಪಸಾಗರದ ಶಾಲೆಯಲ್ಲಿ ಮೇಷ್ಟ್ರು. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೊರಟರೆ ಮನೆಯಲ್ಲಿ ಉಳಿಯುವುದು ದೊಡ್ಡಪ್ಪನ ಮಾತು. ಅವ್ವ ಅವರೆದುರು ನೇರ ಮಾತಾಡುವವಳಲ್ಲ, ಅದು ನಮ್ಮ ಮನೆಯ ಪದ್ಧತಿ. ಸೆರಗು ತಲೆಯ ಮೇಲೆಳೆದುಕೊಂಡು, ಅವರು ಎರಡು ಮಾರು ದೂರದಲ್ಲಿ ನಿಂತಿದ್ದರೂ, ನನಗೆ ಹೇಳುವಳು: "ದೊಡ್ಡಪ್ಪಗ ಹೇಳು, ಊಟ ಆಗೈತಿ ಅಂತ." ನಾನು ಹೇಳುತ್ತಿದ್ದೆ. ಅವರೂ ನನಗೇ ಉತ್ತರ ಕೊಡುತ್ತಿದ್ದರು. ಮಾತು ಕಲಿತಾಗಿನಿಂದ ನನ್ನ ನೌಕರಿ ಇದು.

ಆ ವರ್ಷವೂ ಫೆಬ್ರವರಿ ಮುಗಿಯುವಷ್ಟರಲ್ಲಿ ಹೂ ಕರಕಲಾದವು. ಮೇ ತಿಂಗಳಲ್ಲಿ ದೊಡ್ಡಪ್ಪ ಸುಣ್ಣದ ಡಬ್ಬಿ ಹಿಡಿದು ತೋಟಕ್ಕೆ ಬಂದರು. ಇಪ್ಪತ್ತೇಳು ಗಿಡಗಳ ಬೊಡ್ಡೆಯ ಮೇಲೆ ಕತ್ತರಿ ಆಕಾರದ ಗುರುತು ಹಾಕಿದರು. ಮೂಲೆಯ ಒಂದನ್ನು ಬಿಟ್ಟರು.

"ಉಪ್ಪಿನಕಾಯಿಗೆ ಒಂದು ಇರ್ಲಿ. ದಾಳಿಂಬಿ ಸಸಿಗೆ ಹೇಳೀನಿ, ಬರೋ ವರ್ಷ ಸಿಗ್ತಾವಂತ. ಬರೋ ಯುಗಾದಿಗೆ ಗಿಡದಾಗ ಕಾಯಿ ಕಂಡ್ರ ಸರಿ, ಇಲ್ಲಂದ್ರ ಕೊಡ್ಲಿ ಹಾಕೋದ. ನಿಮ್ಮವ್ವಗ ಹೇಳು."

ಅವ್ವ ಅಲ್ಲೇ ಇದ್ದಳು. ನಾನು ತಿರುಗಿ, "ದೊಡ್ಡಪ್ಪ ಹೇಳ್ತಾರ..." ಎಂದು ಶುರು ಮಾಡಿದರೆ, "ಕೇಳಿಸ್ತು" ಅಂದಳು.

ಆದರೆ ಆ ಹೊತ್ತಿಗೆ ನಾವಿಬ್ಬರೂ ಸುಮ್ಮನೆ ಕೂತಿರಲಿಲ್ಲ. ಸಂಕ್ರಾಂತಿಯ ಮರುದಿನವೇ ಅವ್ವ ಒಂದು ಸ್ಟೀಲ್ ತಟ್ಟೆಗೆ ಔಡಲೆಣ್ಣೆ ಸವರಿ, ಹೂಗೊಂಚಲಿನ ಕೆಳಗೆ ಹಿಡಿದು ನನಗೆ ಕೊಂಬೆ ಬಡಿಯಲು ಹೇಳಿದ್ದಳು. ಬಡಿದೆ. ಚಿಟಚಿಟ ಎಂದು ತುಂತುರು ಮಳೆ ಬಿದ್ದಂಥ ಸದ್ದು. ತಟ್ಟೆಯ ಎಣ್ಣೆಯಲ್ಲಿ ಬೂದು ಬಣ್ಣದ, ಜೀರಿಗೆಯಷ್ಟೇ ಉದ್ದದ, ತಲೆ ಅಗಲವಾಗಿ ಬಾಲ ಚೂಪಾದ ಹುಳುಗಳು ಸಿಕ್ಕಿ ಒದ್ದಾಡುತ್ತಿದ್ದವು. ನಾನು ಎಣಿಸಿದೆ. ಒಂದೇ ಕೊಂಬೆಗೆ ನಲವತ್ತೊಂದು. ತಪ್ಪಿಸಿಕೊಂಡವು ಎಷ್ಟೋ.

"ಇದ ನೋಡು ನಿಮ್ಮ ದೊಡ್ಡಪ್ಪನ ಮಂಜು" ಅಂದಳು ಅವ್ವ.

ಅವತ್ತಿನಿಂದ ಪ್ರತಿ ಭಾನುವಾರ ನಾನು ಅದೇ ಐದು ಗಿಡಗಳ ಕೆಳಗೆ ತಟ್ಟೆ ಹಿಡಿದು ಎಣಿಸತೊಡಗಿದೆ. ನನಗೆ ಎಲ್ಲದಕ್ಕೂ ತಾರೀಖು ಹಾಕಿ ಬರೆದಿಡುವ ಚಟ ಮೊದಲಿನಿಂದಲೂ ಇತ್ತು. ಹಾಲು ಕಾಯಿಸಿದ್ದಕ್ಕೂ ಬೆಕ್ಕು ಮರಿ ಹಾಕಿದ್ದಕ್ಕೂ ಲೆಕ್ಕ ಇಡುತ್ತೇನೆಂದು ಮನೆಯಲ್ಲಿ ನಗುತ್ತಿದ್ದರು. ಆ ಚಟ ಮೊದಲ ಸಲ ಕೆಲಸಕ್ಕೆ ಬಂತು.

ಹೂ ಕರಕಲಾದ ಮೇಲೆ ಕೂಡ್ಲಿಗಿಯ ತೋಟಗಾರಿಕೆ ಕಚೇರಿಗೆ ನಾವಿಬ್ಬರೂ ಹೋದೆವು. ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಕೊಂಬೆ ತಂದಿದ್ದಳು. ಅಲ್ಲಿದ್ದ ಅಧಿಕಾರಿ ಕೊಂಬೆ ಬಿಚ್ಚಿ ನೋಡಿ ನಕ್ಕರು.

"ಜಿಗಿಹುಳ ಇದು. ಹೂವಿನ ರಸ ಹೀರಿ ಸಿಹಿ ನೀರು ಉಚ್ಚಿ ಹೊಯ್ತಾವ. ಅದ ನಿಮ್ಮ ಜಿಗಟು. ಅದರ ಮ್ಯಾಲೆ ಮಸಿ ಬೆಳಿತೈತಿ. ಗಿಡ ನೆಟ್ಟ ಮ್ಯಾಲೆ ಎಷ್ಟು ಸಲ ಗರಗಸ ಹಚ್ಚೀರಿ?"

"ಹಣ್ಣಿನ ಗಿಡಕ್ಕ ಯಾರರ ಗರಗಸ ಹಚ್ತಾರೇನ್ರಿ?"

"ಹಚ್ಚಬೇಕ್ರಿ ಅಮ್ಮಾ. ಒಳಗ ಕತ್ತಲಿದ್ರ ಅದಕ್ಕ ಅರಮನಿ ಇದ್ದಂಗ. ಹೂ ಇಲ್ಲದಾಗ ಎಲ್ಲಿರ್ತಾವ ಹೇಳ್ರಿ? ಬೊಡ್ಡಿ ಸೀಳಿನಾಗ, ತೊಗಟಿ ಸಂದಿನಾಗ. ನೀವು ಯಾವಾಗ ಎಣ್ಣಿ ಹೊಡಿತೀರಿ?"

ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಅವ್ವ, ಹೂ ಪೂರ್ತಿ ಬಿಟ್ಟ ಮೇಲೆ ಎಂದಳು. ಅವರು ಹಣೆ ತಟ್ಟಿಕೊಂಡರು. ಹರಪನಹಳ್ಳಿ, ಹಡಗಲಿ, ಕೊಟ್ಟೂರು, ಎಲ್ಲ ಕಡೆಯೂ ಇದೇ ತಪ್ಪು ಅಂದರು. ಇದು ಹತ್ತಿಯ ಸೀಮೆ. ಹತ್ತಿ ಗಿಡ ಹೂ ಕಂಡಿತೆಂದರೆ ಪಂಪು ಹೊರಬರುತ್ತದೆ. ಹತ್ತಿಗೆ ಹೊಡೆದು ರೂಢಿಯಾದ ಕೈ ಮಾವಿಗೂ ಹಾಗೇ ಹೊಡೆಯುತ್ತದೆ, ಹೂವಿನ ಮೇಲೆ, ಹೊರಗಿನಿಂದ, ಮಟಮಟ ಮಧ್ಯಾಹ್ನ. ಆ ಹೊತ್ತಿಗೆ ಜಿಗಿ ತನ್ನ ಕೆಲಸ ಮುಗಿಸಿರುತ್ತದೆ. ಎಣ್ಣೆಗೆ ಸಾಯುವುದು ಹೂವಿನಿಂದ ಹೂವಿಗೆ ಓಡಾಡಿ ಕಾಯಿ ಕಟ್ಟಿಸುವ ನೊಣ ಮತ್ತು ಜೇನು.

ಬಸ್ಸಿನಲ್ಲಿ ಬರುವಾಗ ಅವ್ವ, "ನಾಕು ವರ್ಷ ನಾವ ಹೂವಿಗೆ ವಿಷ ಹಾಕಿ, ಆಕಾಶಕ್ಕ ಬೈದ್ವಿ" ಅಂದಳು.

ಗುರುತು ಬಿದ್ದ ಮೇಲೆ ಅವ್ವ ಬೇವಿನ ಬೀಜ ಆರಿಸಲು ಶುರು ಮಾಡಿದಳು. ಜೂನ್ ತಿಂಗಳಲ್ಲಿ ರಸ್ತೆಯ ಬದಿ ಉದುರುವ ಬೀಜವನ್ನು ಇಬ್ಬರೂ ಸೆರಗಿಗೆ, ಚೀಲಕ್ಕೆ ತುಂಬಿ ತಂದು ನೆರಳಲ್ಲಿ ಒಣಗಿಸಿದೆವು. ಬಿಸಿಲಿಗೆ ಹಾಕಿದರೆ ಸತ್ವ ಹೋಗುತ್ತದೆಂದು ಅಟ್ಟದ ಮೇಲೆ ಹರಡಿದ್ದೆವು. ಅದರ ವಾಸನೆಗೆ ದೊಡ್ಡಪ್ಪ ಹೊರಗಿನ ಕಟ್ಟೆಯ ಮೇಲೆ ಮಲಗಲು ಹೋದರು.

ಜುಲೈಯಲ್ಲಿ ಗರಗಸ. ಒಣ ಕೊಂಬೆ, ಒಂದರ ಮೇಲೊಂದು ಬಿದ್ದ ಕೊಂಬೆ, ನಡುಗಿಡಕ್ಕೆ ಬೆಳಕು ತಡೆಯುವ ಕೊಂಬೆ. ಕೂಲಿಯವರು ಹಸಿ ಕೊಂಬೆಗೆ ಗರಗಸ ಹಚ್ಚಲು ಹಿಂಜರಿದಾಗ ಮೊದಲ ಕೊಂಬೆ ಅವ್ವನೇ ಕೊಯ್ದಳು. ಕೊಯ್ದ ಗಾಯಕ್ಕೂ ಬೊಡ್ಡೆಗೂ ಸುಣ್ಣ ಮತ್ತು ಮೈಲುತುತ್ತದ ಮುಲಾಮು. ಎರಡನ್ನೂ ಬೇರೆ ಬೇರೆ ಮಡಕೆಯಲ್ಲಿ ಕರಗಿಸಿ, ಆಮೇಲೆ ಕೂಡಿಸಿ, ಅದರಲ್ಲಿ ಕುಡುಗೋಲು ಅದ್ದಿ ನೋಡಬೇಕು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಮೂರನೆಯ ಸಲಕ್ಕೆ ಕುಡುಗೋಲು ಅದ್ದಿದ ಹಾಗೇ ಹೊರಬಂತು. ಇಪ್ಪತ್ತೆಂಟು ಬೊಡ್ಡೆಗಳೂ ನೆಲದಿಂದ ಸೊಂಟದೆತ್ತರದವರೆಗೆ ತಿಳಿನೀಲಿಯಾದವು.

ಸಂಜೆ ದೊಡ್ಡಪ್ಪ ಬಂದು ಸಾಲಿನಲ್ಲಿ ಆ ಕಡೆಯಿಂದ ಈ ಕಡೆ ನಡೆದರು.

"ಲೇ ತಂಗಿ, ನನ್ನ ಗುರುತು ಎಲ್ಲಿ ಹೋದವು?"

ನಾನು ಅವ್ವನ ಕಡೆ ನೋಡಿದೆ. ಅವ್ವ ನೀಲಿ ಕೈಯಿಂದಲೇ ಸೆರಗು ಎಳೆದುಕೊಂಡಳು.

"ದೊಡ್ಡಪ್ಪಗ ಹೇಳು, ಗುರುತು ಎಲ್ಲೂ ಹೋಗಿಲ್ಲ, ಅಲ್ಲೇ ಅದಾವ. ಮ್ಯಾಲೆ ಔಷಧ ಐತಿ, ಅಷ್ಟ."

ಕೂಲಿಯವರು ಮುಖ ತಿರುಗಿಸಿ ನಕ್ಕರು. ದೊಡ್ಡಪ್ಪನೂ ಮೀಸೆಯಲ್ಲೇ ನಕ್ಕರೆಂದು ನನ್ನ ಅನುಮಾನ. ಆದರೆ ಹೇಳಿದ್ದು ಬೇರೆ: "ಯುಗಾದಿ ಮಾತ್ರ ಎಲ್ಲೂ ಹೋಗಂಗಿಲ್ಲ, ಹೇಳು."

ಡಿಸೆಂಬರ್ ಎರಡರಂದು, ಹೂವಿನ ಮೊಗ್ಗು ಒಡೆಯುವ ಮೊದಲು, ಒಂದೇ ಒಂದು ಸಲ ಅಂಗಡಿಯ ಔಷಧ. ಹೂವಿಗಲ್ಲ, ಬೊಡ್ಡೆಗೆ, ಒಳಕೊಂಬೆಗೆ, ತೊಗಟೆಯ ಸಂದಿಗೆ. ಗೊಂಚಲು ಹೊರಬಂದು ಇನ್ನೂ ಹೂ ಅರಳದಿದ್ದಾಗ ಬೇವಿನ ಬೀಜದ ಕಷಾಯ. ಬೂದಿ ರೋಗಕ್ಕೆ ನೀರಲ್ಲಿ ಕಲಸಿದ ಗಂಧಕ. ಇಲ್ಲಿ ದೊಡ್ಡಪ್ಪನಿಗೆ ನ್ಯಾಯ ಸಲ್ಲಿಸಬೇಕು: ಬೂದಿ ಹಬ್ಬುವುದಕ್ಕೆ ತಣ್ಣನೆಯ ಮಂಜಿನ ಬೆಳಗು ನಿಜಕ್ಕೂ ಅನುಕೂಲ. ಅವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಒಂದು ಶಬ್ದದೊಳಗೆ ಮೂರು ರೋಗ ತುರುಕಿದ್ದೇ ತೊಂದರೆಯಾಗಿತ್ತು.

ಜನವರಿ ಬಂತು. ತಟ್ಟೆಯ ಲೆಕ್ಕ ನಲವತ್ತರಿಂದ ಮೂರಕ್ಕೆ, ಎರಡಕ್ಕೆ ಇಳಿಯಿತು. ಒಂದು ಭಾನುವಾರ ಐದು ಗಿಡಕ್ಕೂ ಸೇರಿ ಏಳೇ. ನಾನು ಎರಡು ಸಲ ಎಣಿಸಿದೆ. ಹೂ ಮಾತ್ರ ಎಂದೂ ಕಾಣದಷ್ಟು. ಕತ್ತರಿಸಿ ಬೆಳಕು ಬಿಟ್ಟ ನಡುಗಿಡದಲ್ಲೂ ಗೊಂಚಲು. ಗಾಳಿ ಬೀಸಿದರೆ ಅದರ ವಾಸನೆ ಬಾವಿಯವರೆಗೆ ಬರುತ್ತಿತ್ತು.

ಆ ಹೂವನ್ನು ನೋಡಿಯೇ ದೊಡ್ಡಪ್ಪನಿಗೆ ಹೆದರಿಕೆ ಹುಟ್ಟಿತು ಎಂದು ಈಗ ನನಗೆ ಅನಿಸುತ್ತದೆ. ಇಷ್ಟು ಹೂ ಮತ್ತೆ ಕಪ್ಪಾಗುವುದನ್ನು ನೋಡಲು ಅವರಿಗೂ ಮನಸ್ಸಿರಲಿಲ್ಲ. ೨೦೦೨ರ ಜನವರಿ ಇಪ್ಪತ್ತೇಳು, ಭಾನುವಾರ, ಹನ್ನೊಂದು ಗಂಟೆಗೆ ಹರಪನಹಳ್ಳಿ ಕಡೆಯ ತಮ್ಮ ಬೀಗರ ಊರಿನಿಂದ ಒಬ್ಬ ಎಣ್ಣೆ ಹೊಡೆಯುವವನನ್ನು ಕರೆತಂದರು. ಬೆನ್ನ ಮೇಲೆ ಮೋಟಾರು ಪಂಪು, ಕೈಯಲ್ಲಿ ಹತ್ತಿಗೆ ಹೊಡೆಯುವ ಡಬ್ಬಿ.

"ಇಂಥಾ ಹೂವ ಬಿಟ್ಟಾಗ್ಲೇ ಹೊಡೀಬೇಕ್ರಿ" ಎಂದ ಆತ, ಗಿಡಗಳನ್ನು ನೋಡಿ ಖುಷಿಯಾಗಿ. "ಹತ್ತೀಗೂ ಹಂಗೇ ಅಲ್ವ? ಒಂದೇ ಏಟಿಗೆ ಒಂದು ಹುಳ ಉಳಿಯಲ್ಲ."

"ಒಂದು ನೊಣಾನೂ ಉಳಿಯಂಗಿಲ್ಲ" ಅಂದೆ ನಾನು.

"ನೊಣ ಉಳಿಸಿ ಏನ್ಮಾಡ್ತೀಯವ್ವ, ಹಾಲು ಕರೀತೀಯ?"

ದೊಡ್ಡಪ್ಪ ನಕ್ಕರು. ಆತ ಡಬ್ಬಿಯ ಮುಚ್ಚಳ ತಿರುವಿ ನೀರಿನ ಬಕೆಟ್ಟಿನ ಕಡೆ ಬಗ್ಗಿದ. ಸುತ್ತಲೂ ಗುಂಯ್‌ ಎನ್ನುವ ಸದ್ದು. ಜೇನು, ಕಾಡುನೊಣ, ಹೆಸರು ಗೊತ್ತಿಲ್ಲದ ಸಣ್ಣ ಸಣ್ಣ ರೆಕ್ಕೆಗಳು, ಎಲ್ಲ ಹೂವಿನ ಮೇಲೆ. ಅವ್ವ ಎಂದಿನಂತೆ ನನ್ನ ಕಡೆ ತಿರುಗಿ, "ದೊಡ್ಡಪ್ಪಗ ಹೇಳು..." ಎಂದಳು. ನಾನು ಕಾಯುತ್ತಾ ನಿಂತೆ. ಅವಳು ಮುಂದೆ ಹೇಳಲಿಲ್ಲ. ಬಕೆಟ್ಟಿನ ಹತ್ತಿರ ನಡೆದು ಹೋಗಿ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಸೆರಗು ತಲೆಯ ಮೇಲಿತ್ತು, ಮುಖ ಮಾತ್ರ ನೇರ ದೊಡ್ಡಪ್ಪನ ಕಡೆಗಿತ್ತು.

"ಭಾವಾರ, ಬ್ಯಾಡ್ರಿ. ಇವತ್ತು ಹೊಡೆದ್ರ ಕಾಯಿ ಕಟ್ಸೋ ಹುಳಾನೂ ಸಾಯ್ತಾವ. ಹೋದ ನಾಕು ವರ್ಷ ನಮ್ಮ ಕೈಲೆ ಇದ ಆಗೈತಿ. ಒಂದ ಒಂದು ಸಲ ನನ್ನ ಮಾತು ಕೇಳ್ರಿ. ಯುಗಾದಿಗೆ ಕಾಯಿ ಕಾಣಲಿಲ್ಲಂದ್ರ ಮೊದಲನೇ ಗಿಡಕ್ಕ ಕೊಡ್ಲಿ ನಾನ ಹಾಕ್ತೀನಿ."

ಹದಿನೇಳು ವರ್ಷ ನಾನು ಅವರಿಬ್ಬರ ನಡುವೆ ಮಾತು ಸಾಗಿಸಿದ್ದೇನೆ. ಅವ್ವನ ದನಿ ದೊಡ್ಡಪ್ಪನ ಕಿವಿಗೆ ನೇರ ಬಿದ್ದದ್ದು ನಾನು ಕೇಳಿದ್ದು ಅದೇ ಮೊದಲು. ರೂಢಿಯಂತೆ ದೊಡ್ಡಪ್ಪ ನನ್ನ ಮುಖ ನೋಡಿದರು, ನಾನು ಇನ್ನೊಮ್ಮೆ ಹೇಳುವೆನೆಂಬಂತೆ.

"ಕೇಳಿಸ್ತಲ್ಲ ದೊಡ್ಡಪ್ಪ" ಅಂದೆ.

ಅವರು ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು. ಆಮೇಲೆ ಎಣ್ಣೆಯವನಿಗೆ, "ಪಂಪು ಇಳಸಪ್ಪ. ಊಟ ಮಾಡ್ಕೊಂಡು ಹೋಗು" ಎಂದರು. ಆತ ಊಟಕ್ಕೆ ಕೂತಾಗ ಅವ್ವ ಎರಡು ಸಲ ಕೇಳಿ ಕೇಳಿ ರೊಟ್ಟಿ ಬಡಿಸಿದಳು. ಹೋಗುವಾಗ ಆತ, "ನಿಮ್ಮ ನೊಣಗಳಿಗೆ ನಮಸ್ಕಾರ ಕಣವ್ವ" ಎಂದು ನನ್ನನ್ನು ಅಣಕಿಸಿ ಹೋದ.

ಅಲ್ಲಿಂದ ಯುಗಾದಿಯವರೆಗೆ ಅವ್ವ ಸರಿಯಾಗಿ ಊಟ ಮಾಡಿದ್ದು ನಾನು ಕಾಣೆ. ಹೂ ಉದುರುವ ದಿನಗಳಲ್ಲಿ ಗಿಡದ ಕೆಳಗಿನ ನೆಲ ದಿನಾ ಬೆಳಿಗ್ಗೆ ಹಳದಿ. ಉದುರಲೇಬೇಕು, ಒಂದು ಗೊಂಚಲಿಗೆ ನಾಲ್ಕು ಕಾಯಿ ನಿಂತರೂ ಬಹಳ ಎಂದು ಅಧಿಕಾರಿ ಹೇಳಿದ್ದರು. ಹೇಳಿದ್ದು ಗೊತ್ತಿದ್ದರೂ ಅವ್ವ ದಿನಾ ಉದುರಿದ್ದನ್ನು ಬಾಚಿ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಆಮೇಲೆ ಒಂದು ದಿನ ಗೊಂಚಲಿನಲ್ಲಿ ಸಾಸಿವೆ, ಆಮೇಲೆ ಬಟಾಣಿ, ಆಮೇಲೆ ಗೋಲಿ. ನಾನು ಗುರುತು ಕಟ್ಟಿದ್ದ ಗೊಂಚಲುಗಳಲ್ಲಿ ಮೂರು ನಿಂತದ್ದೂ ಇತ್ತು, ಐದು ನಿಂತದ್ದೂ ಇತ್ತು.

ಯುಗಾದಿಯ ಬೆಳಿಗ್ಗೆ ದೊಡ್ಡಪ್ಪ ತಾವೇ ತೋರಣಕ್ಕೆ ಎಲೆ ತರಲು ಹೊರಟರು. ನಾಲ್ಕು ವರ್ಷ ನಮ್ಮ ಬಾಗಿಲಿನ ತೋರಣಕ್ಕೆ ಬೇರೆಯವರ ತೋಟದ ಎಲೆ. ಇಪ್ಪತ್ತೆಂಟು ಮಾವಿನ ಗಿಡದ ಒಡೆಯರು ಹಬ್ಬದ ದಿನ ಎಲೆ ಬೇಡಲು ಹೋಗುವುದು ನಮಗೆಲ್ಲ ನುಂಗಲಾರದ ಮಾತಾಗಿತ್ತು, ಮಸಿ ಹಿಡಿದ ಎಲೆ ಬಾಗಿಲಿಗೆ ಕಟ್ಟಲಾಗುತ್ತದೆಯೇ? ಅವತ್ತು ದೊಡ್ಡಪ್ಪ ಹೋದ ದಾರಿ ನಮ್ಮ ತೋಟದ್ದು. ಅವರು ಹಿಂತಿರುಗಿದಾಗ ಒಂದು ಹೆಗಲ ಮೇಲೆ ಸೊಪ್ಪಿನ ಕಟ್ಟು, ಇನ್ನೊಂದು ಕೈಯಲ್ಲಿ ನಿಂಬೆಹಣ್ಣಿನ ಗಾತ್ರದ ಎರಡು ಮಾವಿನ ಕಾಯಿ. ಕಾಯಿಯನ್ನು ಅಡುಗೆಮನೆಯ ಹೊಸ್ತಿಲ ಮೇಲಿಟ್ಟರು. ಕೊಡಲಿಯ ಮಾತು ಯಾರೂ ಎತ್ತಲಿಲ್ಲ. ತೋರಣದ ಎಲೆಗಳನ್ನು ಅವ್ವ ಒಂದೊಂದಾಗಿ ಬೆರಳಿನಿಂದ ಸವರಿ ನೋಡಿದಳು. ನಯ. ಒಂದರಲ್ಲೂ ಜಿಗಟಿರಲಿಲ್ಲ.

ಮೇ ಮೊದಲ ವಾರ ಕೊಟ್ಟೂರಿನ ಹಣ್ಣಿನ ಸಾಹೇಬರು ತೋಟ ನೋಡಲು ಬಂದರು. ತಲೆತಲಾಂತರದಿಂದ ಹಣ್ಣಿನ ವ್ಯಾಪಾರ ಮಾಡುವ ಮನೆತನ. ಅವರು ಕಾಯಿ ನೋಡುವ ಮೊದಲು ಎಲೆ ನೋಡಿದರು, ಎಲೆ ತಿರುಗಿಸಿ ಅಡಿ ನೋಡಿದರು, ಬೊಡ್ಡೆಗೆ ಕೈಯಾಡಿಸಿದರು. ಎರಡು ಸಾಲು ನಡೆದ ಮೇಲೆ ನಿಂತರು.

"ಕ್ಯಾ ಬಾತ್ ಐತ್ರಿ ಗೌಡ್ರೇ! ಈ ವರ್ಷ ಎಲ್ಲೆಲ್ಲಿ ಹೋದ್ರೂ ಮಸಿ ಕಾಯಿ. ನಿಮ್ಮ ಎಲಿ ನೋಡಿದ್ರ ಕನ್ನಡಿ ಇದ್ದಂಗ ಅದಾವ. ಯಾವ ಎಣ್ಣಿ ಹೊಡದ್ರಿ?"

ದೊಡ್ಡಪ್ಪ ಬಾವಿಯ ಹತ್ತಿರ ನಿಂತಿದ್ದ ಅವ್ವನ ಕಡೆ ಕೈ ತೋರಿಸಿದರು.

"ನನಗ ಕೇಳಬ್ಯಾಡ್ರಿ. ಗಿಡ ಆಕಿವು. ಆಕಿನ್ನ ಕೇಳ್ರಿ."

ಸಾಹೇಬರು ನನ್ನ ಮುಖ ನೋಡಿದರು, ಈ ಹುಡುಗಿಯ ಮೂಲಕ ಕೇಳಬೇಕೇನೋ ಎಂದು. ದೊಡ್ಡಪ್ಪನೇ ಅಂದರು: "ಹುಡುಗಿ ಮುಖ ಯಾಕ ನೋಡ್ತೀರಿ? ನೇರ ಕೇಳ್ರಿ. ಹೇಳ್ತಾಳ."

ಅವ್ವ ಹೇಳಿದಳು. ಗರಗಸ, ಮುಲಾಮು, ಬೊಡ್ಡೆಯ ಔಷಧ, ಬೇವಿನ ಬೀಜ, ಹೂ ಬಿಟ್ಟಾಗ ಕೈ ಕಟ್ಟಿ ಕೂರುವುದು, ಎಲ್ಲ ಒಂದರ ಹಿಂದೊಂದು, ಎಲ್ಲೂ ತಡವರಿಸದೆ. ನಾನು ಪಕ್ಕದಲ್ಲಿ ಕೆಲಸವಿಲ್ಲದೆ ನಿಂತಿದ್ದೆ. ನನ್ನ ನೌಕರಿ ಹೋದ ದಿನ ಅದು. ಅಷ್ಟು ಹೆಮ್ಮೆಯಿಂದ ಯಾರೂ ಯಾವ ನೌಕರಿಯನ್ನೂ ಕಳೆದುಕೊಂಡಿರಲಿಕ್ಕಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಇನ್ನೂ ಎರಡು ಹಂಗಾಮು ಕಳೆದಿವೆ. ಹಗರಿಬೊಮ್ಮನಹಳ್ಳಿಯಿಂದ, ಹಡಗಲಿಯಿಂದಲೂ ಜನ ಬಂದು ಅವ್ವನ ತೋಟ ನೋಡಿ ಹೋಗಿದ್ದಾರೆ. ಅವರೆದುರು ದೊಡ್ಡಪ್ಪ ಎಣ್ಣೆ ಸವರಿದ ತಟ್ಟೆ ಹಿಡಿದು ತಾವೇ ಕೊಂಬೆ ಬಡಿದು ತೋರಿಸುತ್ತಾರೆ: "ಇದು ಮಂಜಲ್ರಿ, ಜಿಗಿ. ಮಂಜಾದ್ರ ಮೂರು ಗಂಟಿಗೆ ಬೀಳ್ತಿತ್ತೇನು?" ಆ ಮಾತು ಮೊದಲು ಯಾರದೆಂದು ನಾನು ನೆನಪಿಸಲು ಹೋಗುವುದಿಲ್ಲ.

ಒಂದೇ ಒಂದು ಗಿಡ ಮಾತ್ರ ನಮಗೆ ಬಗ್ಗಿಲ್ಲ. ಅದು ಮೂಲೆಯದು, ದೊಡ್ಡಪ್ಪ ಸುಣ್ಣದ ಗುರುತು ಹಾಕದೆ ಉಪ್ಪಿನಕಾಯಿಗೆ ಬಿಟ್ಟದ್ದು. ಇಪ್ಪತ್ತೇಳರ ಹಾಗೆಯೇ ಅದಕ್ಕೂ ಆರೈಕೆ. ಹೂ ಚೆನ್ನಾಗಿ ಬಿಡುತ್ತದೆ, ತಟ್ಟೆಗೆ ಜಿಗಿ ಬೀಳುವುದಿಲ್ಲ, ಬೂದಿ ಇಲ್ಲ. ಕಾಯಿ ಗೋಲಿಯ ಗಾತ್ರಕ್ಕೆ ಬಂದ ಮೇಲೆ ತೊಟ್ಟು ಹಳದಿಯಾಗಿ ಒಂದೇ ವಾರದಲ್ಲಿ ಎಲ್ಲ ಉದುರುತ್ತವೆ. ಉದುರಿದ್ದನ್ನು ಸೀಳಿ ನೋಡಿದರೆ ಒಳಗೆ ಹುಳುವೂ ಇಲ್ಲ. "ನಾನು ಉಳಿಸಿದ್ದಕ್ಕ ಸೊಕ್ಕು ಬಂದೈತಿ" ಎನ್ನುತ್ತಾರೆ ದೊಡ್ಡಪ್ಪ. ಕಡಿಯೋಣವೆಂದು ಅವರು ಒಮ್ಮೆ ಅಂದದ್ದಕ್ಕೆ ಅವ್ವ ಅವರ ಮುಖ ನೋಡಿಯೇ ಬೇಡವೆಂದಳು. ನಿಮ್ಮ ಯಾವುದಾದರೂ ಗಿಡ ಹೀಗೆ ಮಾಡಿದ್ದಿದ್ದರೆ, ಅದನ್ನು ನೀವು ಸರಿಪಡಿಸಿದ್ದಿದ್ದರೆ, ಏನು ಮಾಡಿದಿರಿ, ಯಾವ ತಿಂಗಳಲ್ಲಿ ಮಾಡಿದಿರಿ ಎಂದು ದಯವಿಟ್ಟು ಬರೆದು ತಿಳಿಸಿ. ತಾರೀಖು ಹಾಕಿ ಬರೆದರೆ ಇನ್ನೂ ಒಳ್ಳೆಯದು. ಬಂದದ್ದನ್ನು ನಾನು ನೇರ ಅವ್ವನಿಗೇ ಓದಿ ಹೇಳುತ್ತೇನೆ.